ಪುಕ್ಕಟೆ ಆಟದ ಬೆಲೆ ಎಷ್ಟು? ಮಕ್ಕಳ ಕೈಗೆ ಫೋನೋ, ಗೇಮ್ ಕನ್ಸೋಲೋ

ನವೆಂಬರ್ ಮುಗಿಯುತ್ತಾ ಬಂದರೆ ಸಿಂಗಪುರದ ಸ್ಥಳೀಯ ಶಾಲೆಗಳಿಗೆ ವರ್ಷಾಂತ್ಯದ ರಜೆ. ರಜೆ ಶುರುವಾದ ವಾರದಲ್ಲೇ ನಮ್ಮ ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ‘ಮಗ ನಿಂಟೆಂಡೊ ಸ್ವಿಚ್ ಬೇಕು ಅಂತ ಹಟ ಹಿಡಿದಿದ್ದಾನೆ. ಫೋನ್‌ನಲ್ಲೇ ಸಾವಿರ ಆಟ ಪುಕ್ಕಟೆ ಸಿಗುವಾಗ ಇಷ್ಟು ದುಡ್ಡು ಕೊಟ್ಟು ಇನ್ನೊಂದು ಡಬ್ಬಿ ಯಾಕೆ ತರಬೇಕು?’

ಪ್ರಶ್ನೆ ಸಣ್ಣದು ಅನ್ನಿಸಬಹುದು. ಬಾಡಿಗೆ, ಶಾಲೆಯ ಫೀಸು, ಊರಿನ ಮನೆಯ ಸಾಲದ ಕಂತು, ಅಪ್ಪ ಅಮ್ಮನ ಔಷಧಿ ಖರ್ಚು ಇವುಗಳ ಮಧ್ಯೆ ಆಟದ ಸಾಮಾನು ಯಾವ ಲೆಕ್ಕ? ಆದರೆ ಈ ಪ್ರಶ್ನೆಯೊಳಗೆ ವೈಯಕ್ತಿಕ ಹಣಕಾಸಿನ ಒಂದು ಮುಖ್ಯ ಪಾಠ ಇದೆ. ಕಣ್ಣಿಗೆ ಕಾಣುವ ಬೆಲೆ ಬೇರೆ, ನಾವು ಕೊನೆಗೆ ಕೊಡುವ ಬೆಲೆ ಬೇರೆ. ಕನ್ಸೋಲ್‌ನ ಬೆಲೆ ಅಂಗಡಿಯಲ್ಲೇ ನಮ್ಮನ್ನು ಹೆದರಿಸುತ್ತದೆ. ಫೋನ್ ಆಟದ ಬೆಲೆ ತಿಂಗಳ ಕೊನೆಗೆ, ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್‌ನಲ್ಲಿ, ಸಣ್ಣ ಸಣ್ಣ ಸಾಲುಗಳಾಗಿ ಬರುತ್ತದೆ. ಮೊದಲನೆಯದಕ್ಕೆ ಒಂದು ಮಿತಿ ಇದೆ. ಎರಡನೆಯದಕ್ಕೆ ನಾವೇ ಮಿತಿ ಹಾಕದಿದ್ದರೆ ಮಿತಿಯೇ ಇಲ್ಲ. ಇವತ್ತಿನ ಬರಹ ಪೂರ್ತಿ ಇದರ ಮೇಲೆ. (ಬರೀ ‘ಡಾಲರ್’ ಎಂದಿರುವ ಕಡೆಯೆಲ್ಲ ಅದು ಸಿಂಗಪುರ ಡಾಲರ್. ಅಮೆರಿಕದ್ದಾದರೆ ಹಾಗೆಂದೇ ಬರೆದಿದ್ದೇನೆ.)

ಆಟ ಪುಕ್ಕಟೆಯಾದದ್ದು ಹೇಗೆ?

ನಮ್ಮ ತಲೆಮಾರಿನವರಿಗೆ ಕೈಯಲ್ಲಿ ಹಿಡಿಯುವ ಆಟ ಹೊಸದೇನಲ್ಲ. ಜಾತ್ರೆಯಲ್ಲೋ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲೋ ಕೊಂಡ ‘9999 ಇನ್ 1’ ಬ್ರಿಕ್ ಗೇಮ್ ನೆನಪಿರಬಹುದು. ಆಮೇಲೆ ನೋಕಿಯಾ ಫೋನ್‌ನ ಹಾವಿನ ಆಟ ಬಂತು. 1997ರಲ್ಲಿ ನೋಕಿಯಾ 6110 ಫೋನ್‌ನಲ್ಲಿ ಬಂದ ‘ಸ್ನೇಕ್’ ನಿಜವಾದ ಅರ್ಥದಲ್ಲಿ ಪುಕ್ಕಟೆ. ಫೋನ್ ಕೊಂಡರೆ ಆಟ ಬಂತು, ಹಾವು ಉದ್ದವಾಗಲು ಯಾರೂ ದುಡ್ಡು ಕೇಳಲಿಲ್ಲ.

ಜಪಾನಿನ ನಿಂಟೆಂಡೊ 1989ರಲ್ಲಿ ‘ಗೇಮ್ ಬಾಯ್’ ತಂದಾಗಿನಿಂದ ಕೈಯಲ್ಲಿ ಹಿಡಿಯುವ ಕನ್ಸೋಲ್‌ನ ವ್ಯಾಪಾರ ಸರಳವಾಗಿತ್ತು. ಯಂತ್ರಕ್ಕೆ ಒಂದು ಬೆಲೆ, ಪ್ರತಿ ಆಟದ ಕಾರ್ಟ್ರಿಡ್ಜ್‌ಗೆ ಒಂದು ಬೆಲೆ. ಗೇಮ್ ಬಾಯ್ 11 ಕೋಟಿಗೂ ಹೆಚ್ಚು ಮಾರಾಟವಾಯಿತು. 2004ರಲ್ಲಿ ಬಂದ ನಿಂಟೆಂಡೊ ಡಿಎಸ್ 15 ಕೋಟಿ ದಾಟಿತು. ನೋಕಿಯಾ 2003ರಲ್ಲಿ ಫೋನ್ ಮತ್ತು ಕನ್ಸೋಲ್ ಎರಡನ್ನೂ ಸೇರಿಸಿ ‘ಎನ್-ಗೇಜ್’ ಮಾಡಿ ನೋಡಿತು, ಜನ ಒಪ್ಪಲಿಲ್ಲ.

ಆಮೇಲೆ ಸ್ಮಾರ್ಟ್‌ಫೋನ್ ಬಂತು. 2011ರ ಫೆಬ್ರವರಿಯಲ್ಲಿ ನಿಂಟೆಂಡೊ ತನ್ನ 3ಡಿಎಸ್ ಕನ್ಸೋಲನ್ನು ಜಪಾನಿನಲ್ಲಿ 25,000 ಯೆನ್‌ಗೆ ಬಿಡುಗಡೆ ಮಾಡಿತು. ಮಾರಾಟ ಕುಂಟಿತು. ಆರೇ ತಿಂಗಳಲ್ಲಿ ಬೆಲೆಯನ್ನು 15,000 ಯೆನ್‌ಗೆ ಇಳಿಸಬೇಕಾಯಿತು. ಆಗಿನ ಅಧ್ಯಕ್ಷ ಸಟೊರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಕಡಿತ ಮಾಡಿಕೊಂಡರು. ಜೇಬಿನಲ್ಲಿ ಆಗಲೇ ಒಂದು ಫೋನ್ ಇರುವಾಗ, ಅದರಲ್ಲಿ ಆಟ ಪುಕ್ಕಟೆ ಸಿಗುವಾಗ, ಇನ್ನೊಂದು ಯಂತ್ರ ಯಾಕೆ ಎಂದು ಆಗಲೂ ಜನ ಕೇಳುತ್ತಿದ್ದರು.

ಇನ್ನೂ ಸ್ವಾರಸ್ಯದ ಪಾಠ ಸಿಕ್ಕಿದ್ದು 2016ರ ಡಿಸೆಂಬರ್‌ನಲ್ಲಿ. ನಿಂಟೆಂಡೊ ತನ್ನ ಮಾರಿಯೋವನ್ನು ಐಫೋನ್‌ಗೆ ತಂದಿತು. ‘ಸೂಪರ್ ಮಾರಿಯೋ ರನ್’ ಆಟದ ಮೊದಲ ಕೆಲವು ಹಂತ ಉಚಿತ, ಇಡೀ ಆಟಕ್ಕೆ ಒಂದೇ ಸಲ 9.99 ಅಮೆರಿಕನ್ ಡಾಲರ್. ಆಮೇಲೆ ಒಂದು ಪೈಸೆಯೂ ಬೇಡ. ಕೋಟ್ಯಂತರ ಜನ ಡೌನ್‌ಲೋಡ್ ಮಾಡಿದರು, ದುಡ್ಡು ಕೊಟ್ಟವರು ಕಡಿಮೆ. ಕೆಲವೇ ವಾರಗಳ ನಂತರ, 2017ರ ಫೆಬ್ರವರಿಯಲ್ಲಿ, ಅದೇ ಕಂಪನಿ ‘ಫೈರ್ ಎಂಬ್ಲಮ್ ಹೀರೋಸ್’ ತಂದಿತು. ಆಟ ಪುಕ್ಕಟೆ. ಒಳ್ಳೆಯ ಪಾತ್ರ ಬೇಕಾದರೆ ಅದೃಷ್ಟದ ಚೀಟಿ ಎತ್ತಬೇಕು, ಚೀಟಿಗೆ ದುಡ್ಡು. ಮಾರಿಯೋನಷ್ಟು ಹೆಸರಿಲ್ಲದ ಈ ಆಟ ಅದಕ್ಕಿಂತ ಹೆಚ್ಚು ಗಳಿಸಿತು.

ಅಂದರೆ ಹತ್ತು ಡಾಲರ್ ಒಟ್ಟಿಗೆ ಕೊಡಲು ಒಪ್ಪದ ಗ್ರಾಹಕರಲ್ಲಿ ಕೆಲವರು ನೂರು ಡಾಲರನ್ನು ಬಿಡಿಬಿಡಿಯಾಗಿ ಕೊಡಲು ಸಿದ್ಧ. ಮೊಬೈಲ್ ಗೇಮ್ ಉದ್ಯಮ ನಿಂತಿರುವುದು ಇದೇ ಮನಃಶಾಸ್ತ್ರದ ಮೇಲೆ. ಹೆಚ್ಚಿನವರು ಏನೂ ಕೊಡುವುದಿಲ್ಲ. ಕೊಡುವ ಕೆಲವರು ಎಲ್ಲರ ಪರವಾಗಿಯೂ ಕೊಡುತ್ತಾರೆ. ನಮ್ಮ ಮನೆಯ ಮಗು ಆ ಕೆಲವರಲ್ಲಿ ಒಬ್ಬರಾಗುತ್ತದೆಯೇ ಎಂಬುದು ನಮಗೆ ಮೊದಲೇ ತಿಳಿಯುವುದಿಲ್ಲ.

ಚೀಟಿಯ ಗಣಿತ

ಈ ಅದೃಷ್ಟದ ಚೀಟಿಗೆ ಉದ್ಯಮದಲ್ಲಿ ‘ಗಾಚಾ’ ಅಥವಾ ‘ಲೂಟ್ ಬಾಕ್ಸ್’ ಎನ್ನುತ್ತಾರೆ. ಒಂದು ಉದಾಹರಣೆಯನ್ನು ಲೆಕ್ಕ ಹಾಕಿಯೇ ನೋಡೋಣ. ‘ಗೆನ್‌ಶಿನ್ ಇಂಪ್ಯಾಕ್ಟ್’ 2020ರ ಸೆಪ್ಟೆಂಬರ್‌ನಲ್ಲಿ ಬಂದ ಆಟ. ಫೋನ್‌ನಲ್ಲಿ, ಕಂಪ್ಯೂಟರ್‌ನಲ್ಲಿ ಎರಡರಲ್ಲೂ ಆಡಬಹುದು, ಸಿಂಗಪುರದ ಹದಿಹರೆಯದವರಿಗೆ ಚೆನ್ನಾಗಿ ಪರಿಚಿತ. ಇದರಲ್ಲಿ ಐದು ನಕ್ಷತ್ರದ ಪಾತ್ರ ಒಂದು ಎಳೆತಕ್ಕೆ ಸಿಗುವ ಮೂಲ ಸಾಧ್ಯತೆ ಶೇ. 0.6 ಎಂದು ಆಟದೊಳಗೇ ಬರೆದಿದೆ. 90ನೇ ಎಳೆತದೊಳಗೆ ಒಂದು ಸಿಕ್ಕೇ ಸಿಗುತ್ತದೆ ಎಂಬ ಖಾತರಿಯೂ ಇದೆ.

ಒಂದು ಎಳೆತಕ್ಕೆ 160 ಹರಳು. 99.99 ಅಮೆರಿಕನ್ ಡಾಲರ್‌ನ ದೊಡ್ಡ ಪ್ಯಾಕ್ ಕೊಂಡರೆ, ಮೊದಲ ಸಲದ ವಿಶೇಷ ಬೋನಸ್ ಬಿಟ್ಟು, 8,080 ಹರಳು ಸಿಗುತ್ತದೆ. ಅಂದರೆ 50 ಎಳೆತ. 50 ಎಳೆತದಲ್ಲಿ ಒಂದೂ ಐದು ನಕ್ಷತ್ರ ಬಾರದಿರುವ ಸಾಧ್ಯತೆ ಎಷ್ಟು? 0.994 ಅನ್ನು ಐವತ್ತು ಸಲ ಗುಣಿಸಿದರೆ ಸುಮಾರು 0.74. ಅಂದರೆ ನೂರು ಅಮೆರಿಕನ್ ಡಾಲರ್ ಖರ್ಚು ಮಾಡಿದ ನಾಲ್ವರಲ್ಲಿ ಸುಮಾರು ಮೂವರಿಗೆ ಅವರು ಬಯಸಿದ್ದು ಸಿಗುವುದಿಲ್ಲ. ಸಿಕ್ಕರೂ ಅದು ಬೇಕಾಗಿದ್ದ ಪಾತ್ರವೇ ಆಗಿರಬೇಕೆಂದಿಲ್ಲ. ಖಾತರಿಯ 90ನೇ ಎಳೆತದವರೆಗೆ ಪೂರ್ತಿ ದುಡ್ಡಿನಿಂದಲೇ ಹೋದರೆ ಸುಮಾರು 178 ಅಮೆರಿಕನ್ ಡಾಲರ್. ನಾವು ಮ್ಯೂಚುವಲ್ ಫಂಡ್‌ನ ಎಕ್ಸ್‌ಪೆನ್ಸ್ ರೇಶಿಯೋ ಅರ್ಧ ಪರ್ಸೆಂಟ್ ಜಾಸ್ತಿ ಎಂದು ತಲೆ ಕೆಡಿಸಿಕೊಳ್ಳುವವರು. ಮನೆಯೊಳಗೇ ನಡೆಯುವ ಈ ಲಾಟರಿಯ ಸಾಧ್ಯತೆಯ ಲೆಕ್ಕವನ್ನು ಎಷ್ಟು ಜನ ಹಾಕಿದ್ದೇವೆ?

ಇನ್ನೊಂದು ತಂತ್ರವನ್ನೂ ಗಮನಿಸಿ. ದುಡ್ಡು ಕೊಟ್ಟು ಒಂದು ಬಗೆಯ ಹರಳು ಕೊಳ್ಳಬೇಕು, ಅದನ್ನು ಇನ್ನೊಂದು ಬಗೆಗೆ ಬದಲಿಸಬೇಕು, ಅದನ್ನು ಮತ್ತೆ ಚೀಟಿಯಾಗಿ ಬದಲಿಸಬೇಕು. ಮೂರು ಮೆಟ್ಟಿಲು ದಾಟುವಷ್ಟರಲ್ಲಿ ಇದು ಎಷ್ಟು ಡಾಲರ್ ಎಂಬ ಅಂದಾಜೇ ತಪ್ಪಿಹೋಗುತ್ತದೆ. ಕ್ಯಾಸಿನೋದಲ್ಲಿ ನೋಟಿನ ಬದಲು ಬಣ್ಣದ ಬಿಲ್ಲೆ ಕೊಡುವುದೂ ಇದಕ್ಕೇ.

2022ರಲ್ಲಿ ಸಿಂಗಪುರದ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. 18 ವರ್ಷದ ಮಗಳು ಇದೇ ಆಟದಲ್ಲಿ ತಂದೆಯ ಕ್ರೆಡಿಟ್ ಕಾರ್ಡ್‌ನಿಂದ ಸುಮಾರು 20,000 ಡಾಲರ್ ಖರ್ಚು ಮಾಡಿದ್ದಳು. ಆಗಿನ ದರದಲ್ಲಿ ಹನ್ನೊಂದು ಲಕ್ಷ ರೂಪಾಯಿಗೂ ಹೆಚ್ಚು. ಇದು ಅಪರೂಪದ ಪ್ರಕರಣ, ಒಪ್ಪುತ್ತೇನೆ. ಆದರೆ ಕನ್ಸೋಲ್ ಕಾರ್ಟ್ರಿಡ್ಜ್ ಕೊಳ್ಳುವ ಮನೆಯಲ್ಲಿ ಯಾರಿಗೂ ಗೊತ್ತಾಗದೆ ಇಷ್ಟು ದುಡ್ಡು ಹೋಗಲು ದಾರಿಯೇ ಇಲ್ಲ. ನೂರಾರು ಡಬ್ಬಿ ಮನೆಗೆ ಬರುತ್ತಿದ್ದರೆ ಯಾರಾದರೂ ನೋಡಿಯೇ ನೋಡುತ್ತಿದ್ದರು.

ಇದು ಬರೀ ಪೋಷಕರ ದೂರಲ್ಲ. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಆಟವನ್ನು ನಡೆಸುವ ಸಿಂಗಪುರದ ಕಂಪನಿ ಕಾಗ್ನೋಸ್ಫಿಯರ್ ಜೊತೆ 2 ಕೋಟಿ ಅಮೆರಿಕನ್ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. 16 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಇಲ್ಲದೆ ಲೂಟ್ ಬಾಕ್ಸ್ ಮಾರಬಾರದು ಎಂಬುದೂ ಅದರ ಷರತ್ತು. ಅದಕ್ಕೂ ಮೊದಲು, 2014ರಲ್ಲಿ, ಮಕ್ಕಳು ಪೋಷಕರಿಗೆ ತಿಳಿಯದಂತೆ ಮಾಡಿದ ಆ್ಯಪ್ ಖರೀದಿಗಳ ವಿಚಾರದಲ್ಲಿ ಆ್ಯಪಲ್ ಕಂಪನಿ ಕನಿಷ್ಠ 3.25 ಕೋಟಿ ಅಮೆರಿಕನ್ ಡಾಲರ್ ವಾಪಸ್ ಕೊಡಲು ಒಪ್ಪಿತ್ತು.

ಕನ್ಸೋಲ್‌ನ ಲೆಕ್ಕ: ಮೂರು ವರ್ಷಕ್ಕೆ

ಈಗ ಇನ್ನೊಂದು ಕಡೆಯ ಲೆಕ್ಕ. ಕೆಳಗಿನ ಸಂಖ್ಯೆಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಅಂದಾಜು. ನೀವು ಕೊಳ್ಳುವ ದಿನದ ಬೆಲೆ ಹಾಕಿ ಮತ್ತೆ ಲೆಕ್ಕ ಮಾಡಿ.

ಒಂದು ಕನ್ಸೋಲ್ 450 ಡಾಲರ್ ಎಂದುಕೊಳ್ಳಿ. ವರ್ಷಕ್ಕೆ ಮೂರು ಆಟ, ಒಂದೊಂದು 70 ಡಾಲರ್. ಮೂರು ವರ್ಷಕ್ಕೆ ಒಂಬತ್ತು ಆಟ, 630 ಡಾಲರ್. ಒಟ್ಟು 1,080 ಡಾಲರ್. ಹುಬ್ಬೇರಿತೇ? ಸ್ವಲ್ಪ ತಾಳಿ.

ಮೂರು ವರ್ಷದ ನಂತರ ಈ ಸಾಮಾನನ್ನು ಮಾರಬಹುದು. ಸಿಂಗಪುರದಲ್ಲಿ ಇದಕ್ಕೆ ಜೀವಂತ ಮಾರುಕಟ್ಟೆ ಇದೆ. ಇಲ್ಲೇ 2012ರಲ್ಲಿ ಹುಟ್ಟಿದ ಕ್ಯಾರೊಸೆಲ್ ಆ್ಯಪ್‌ನಲ್ಲಿ ಹಳೆಯ ಕನ್ಸೋಲ್, ಹಳೆಯ ಕಾರ್ಟ್ರಿಡ್ಜ್ ದಿನವೂ ಕೈ ಬದಲಾಯಿಸುತ್ತವೆ. ಎಂಆರ್‌ಟಿ ಸ್ಟೇಷನ್ ಗೇಟಿನ ಹತ್ತಿರ ಭೇಟಿ, ಪೇನೌನಲ್ಲಿ ದುಡ್ಡು, ವ್ಯವಹಾರ ಮುಗಿಯಿತು. ನಿಂಟೆಂಡೊದ ಒಳ್ಳೆಯ ಆಟಗಳ ಬೆಲೆ ಬೇಗ ಇಳಿಯುವುದಿಲ್ಲ. ಕೊಳ್ಳುವಾಗ ಇದು ಕಿರಿಕಿರಿ, ಮಾರುವಾಗ ಇದೇ ಅನುಕೂಲ. ಕನ್ಸೋಲ್‌ಗೆ 200, ಕಾರ್ಟ್ರಿಡ್ಜ್‌ಗಳಿಗೆ ಅರ್ಧ ಬೆಲೆಯಂತೆ 315, ಒಟ್ಟು 515 ಡಾಲರ್ ವಾಪಸ್ ಬಂದರೆ ನಿಜವಾದ ಖರ್ಚು 565 ಡಾಲರ್. 36 ತಿಂಗಳಿಗೆ ಭಾಗಿಸಿ. ತಿಂಗಳಿಗೆ ಹದಿನಾರು ಡಾಲರ್‌ಗಿಂತ ಸ್ವಲ್ಪ ಕಡಿಮೆ.

ಈಗ ಹೋಲಿಕೆ ಸುಲಭ. ಫೋನ್ ಆಟಗಳಿಗೆ ನಿಮ್ಮ ಮನೆಯಲ್ಲಿ ತಿಂಗಳಿಗೆ ಹದಿನಾರು ಡಾಲರ್‌ಗಿಂತ ಕಡಿಮೆ ಹೋಗುತ್ತಿದ್ದರೆ ಫೋನೇ ಅಗ್ಗ. ಹೆಚ್ಚು ಹೋಗುತ್ತಿದ್ದರೆ ಕನ್ಸೋಲ್ ಅಗ್ಗ. ಇಬ್ಬರು ಮಕ್ಕಳಿದ್ದರೆ ಲೆಕ್ಕ ಇನ್ನೂ ಕನ್ಸೋಲ್ ಕಡೆಗೆ ವಾಲುತ್ತದೆ. ಒಂದು ಕಾರ್ಟ್ರಿಡ್ಜನ್ನು ಅಣ್ಣನೂ ತಂಗಿಯೂ ಆಡಬಹುದು, ಪಕ್ಕದ ಬ್ಲಾಕ್‌ನ ಗೆಳೆಯನ ಜೊತೆ ಅದಲು ಬದಲು ಮಾಡಿಕೊಳ್ಳಬಹುದು. ಫೋನ್ ಆಟದಲ್ಲಿ ಕೊಂಡ ಹರಳು ಆ ಖಾತೆಗೆ ಮಾತ್ರ. ಆಡಿ ಬೇಸರವಾದ ದಿನ ಅದರ ಬೆಲೆ ಸೊನ್ನೆ.

ತಿಂಗಳಿಗೆ 40 ಡಾಲರ್ ಹೋಗುತ್ತಿದ್ದರೆ ವರ್ಷಕ್ಕೆ 480. ಸಿಂಗಪುರ್ ಸೇವಿಂಗ್ಸ್ ಬಾಂಡ್‌ನ ಕನಿಷ್ಠ ಹೂಡಿಕೆ 500 ಡಾಲರ್. ಹೆಚ್ಚುಕಡಿಮೆ ವರ್ಷಕ್ಕೊಂದು ಬಾಂಡ್ ಹರಳಾಗಿ ಕರಗುತ್ತಿದೆ ಎಂದರ್ಥ. ಅದೇ 40 ಡಾಲರನ್ನು ಪ್ರತಿ ತಿಂಗಳು ವಾರ್ಷಿಕ ಶೇ. 6ರ ಗಳಿಕೆ ಬರುವ ಕಡೆ ಹತ್ತು ವರ್ಷ ಹಾಕಿದರೆ ಸುಮಾರು 6,550 ಡಾಲರ್ ಆಗುತ್ತದೆ. ಎಂಪ್ಲಾಯ್‌ಮೆಂಟ್ ಪಾಸ್‌ನಲ್ಲಿರುವ ನಮ್ಮಂಥವರಿಗೆ ಸಿಪಿಎಫ್ ಇಲ್ಲ. ಸಂಬಳದಿಂದ ತಾನಾಗಿ ಕಡಿತವಾಗುವ ಉಳಿತಾಯ ಇಲ್ಲ. ನಾವೇ ಎತ್ತಿಟ್ಟಿದ್ದಷ್ಟೇ ನಮ್ಮದು. ಹಾಗಾಗಿ ಸಣ್ಣ ಸೋರಿಕೆಯ ಲೆಕ್ಕ ನಮಗೆ ಇನ್ನೂ ಮುಖ್ಯ.

ಕನ್ಸೋಲ್ ಎಂದರೆ ಪೂರ್ತಿ ಕ್ಷೇಮವೂ ಅಲ್ಲ

ಒಂದು ಕಡೆಯ ವಕಾಲತ್ತು ಮಾಡುವುದು ನನ್ನ ಉದ್ದೇಶವಲ್ಲ. ಕನ್ಸೋಲ್‌ನಲ್ಲೂ ಮೂರು ಗುಂಡಿಗಳಿವೆ.

ಒಂದು, ಡಿಜಿಟಲ್ ಖರೀದಿ. ಕಾರ್ಟ್ರಿಡ್ಜ್ ಬದಲು ಆನ್‌ಲೈನ್ ಅಂಗಡಿಯಿಂದ ಡೌನ್‌ಲೋಡ್ ಮಾಡಿದರೆ ಅದನ್ನು ಮಾರಲಾಗದು. ಮೇಲಿನ ಲೆಕ್ಕದ 315 ಡಾಲರ್ ಆಗ ಮಾಯ. ಜೊತೆಗೆ, ಅಂಗಡಿಗೂ ಆಯುಷ್ಯ ಇರುತ್ತದೆ. 3ಡಿಎಸ್‌ನ ಆನ್‌ಲೈನ್ ಅಂಗಡಿಯಲ್ಲಿ ಹೊಸ ಖರೀದಿಯನ್ನು ನಿಂಟೆಂಡೊ 2023ರ ಮಾರ್ಚ್ 27ಕ್ಕೆ ನಿಲ್ಲಿಸಿತು.

ಎರಡು, ಕನ್ಸೋಲ್‌ನಲ್ಲೂ ‘ಪುಕ್ಕಟೆ’ ಆಟಗಳಿವೆ. ‘ಫೋರ್ಟ್‌ನೈಟ್’ ಸ್ವಿಚ್‌ನಲ್ಲೂ ಬರುತ್ತದೆ, ಅದರೊಳಗಿನ ಅಂಗಡಿಯೂ ಜೊತೆಗೇ ಬರುತ್ತದೆ. ಕಾರ್ಡ್ ನಂಬರ್ ಅಲ್ಲಿ ಉಳಿಸಿಟ್ಟರೆ ಫೋನ್‌ಗೂ ಇದಕ್ಕೂ ವ್ಯತ್ಯಾಸವಿಲ್ಲ.

ಮೂರು, ಬೆಲೆ ಏರುತ್ತಿದೆ. 2017ರಲ್ಲಿ ಮೊದಲ ಸ್ವಿಚ್ ಅಮೆರಿಕದಲ್ಲಿ 299.99 ಡಾಲರ್ ಇತ್ತು. 2025ರ ಜೂನ್ 5ರಂದು ಬಂದ ಸ್ವಿಚ್ 2 ಅಲ್ಲಿ 449.99 ಅಮೆರಿಕನ್ ಡಾಲರ್‌ಗೆ ಬಿಡುಗಡೆಯಾಯಿತು. ಅದರ ಜೊತೆ ಬಂದ ‘ಮಾರಿಯೋ ಕಾರ್ಟ್ ವರ್ಲ್ಡ್’ ಆಟವೊಂದೇ 79.99. ಮಗುವಿಗೆ ಹತ್ತು ವರ್ಷವಾಗಿದ್ದರೆ ಹೊಸ ಮಾದರಿಯೇ ಬೇಕೆಂದೇನಿಲ್ಲ. ಹಳೆಯ ಸ್ವಿಚ್‌ಗೆ ಎಂಟು ವರ್ಷದ ಆಟಗಳ ರಾಶಿಯೇ ಇದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ತಂದು, ಸೆಕೆಂಡ್ ಹ್ಯಾಂಡ್‌ನಲ್ಲೇ ಮಾರಿದರೆ ನಷ್ಟ ಇನ್ನೂ ಕಡಿಮೆ. ಹೊಸ ಕಾರಿಗೂ ಹಳೆಯ ಕಾರಿಗೂ ಇರುವ ಸವಕಳಿಯ ಲೆಕ್ಕವೇ ಇಲ್ಲಿಯೂ.

ಸಿಂಗಪುರದಲ್ಲಿರುವವರು ತಿಳಿದಿರಬೇಕಾದ ತೆರಿಗೆ

ಇಲ್ಲಿ ಜಿಎಸ್‌ಟಿ 2024ರ ಜನವರಿಯಿಂದ ಶೇ. 9. ಫೋನ್ ಆಟದೊಳಗಿನ ಖರೀದಿಗೆ ತೆರಿಗೆ ಇಲ್ಲ ಎಂದು ಕೆಲವರು ತಿಳಿದಿದ್ದಾರೆ. ಹೊರದೇಶದ ಕಂಪನಿಗಳು ಇಲ್ಲಿಯ ಗ್ರಾಹಕರಿಗೆ ಮಾರುವ ಡಿಜಿಟಲ್ ಸೇವೆಗಳೂ 2020ರ ಜನವರಿಯಿಂದಲೇ ಜಿಎಸ್‌ಟಿ ವ್ಯಾಪ್ತಿಗೆ ಬಂದಿವೆ. ಹರಳಿನ ಬೆಲೆಯೊಳಗೇ ತೆರಿಗೆ ಅಡಗಿದೆ.

ಕನ್ಸೋಲ್ ಕೊಳ್ಳುವವರು ಹೆಚ್ಚಾಗಿ ಗಮನಿಸದ ಒಂದು ವಿಷಯ ಇದೆ. ಜಪಾನ್ ಪ್ರವಾಸಕ್ಕೆ ಹೋದಾಗ ಅಲ್ಲಿಂದಲೇ ಕನ್ಸೋಲ್ ತರೋಣ, ಯೆನ್ ಅಗ್ಗವಾಗಿದೆ ಎಂಬ ಯೋಚನೆ ಹಲವರಿಗೆ ಬರುತ್ತದೆ. ಹೊರದೇಶದಲ್ಲಿ 48 ಗಂಟೆ ಅಥವಾ ಹೆಚ್ಚು ಇದ್ದು ಬಂದವರಿಗೆ 500 ಡಾಲರ್‌ವರೆಗಿನ ಸಾಮಾನಿಗೆ ಜಿಎಸ್‌ಟಿ ವಿನಾಯಿತಿ ಇದೆ, ಅದಕ್ಕಿಂತ ಕಡಿಮೆ ಅವಧಿಗಾದರೆ 100 ಡಾಲರ್‌ವರೆಗೆ. ಆದರೆ ಈ ವಿನಾಯಿತಿ ವರ್ಕ್ ಪರ್ಮಿಟ್, ಎಂಪ್ಲಾಯ್‌ಮೆಂಟ್ ಪಾಸ್, ಸ್ಟೂಡೆಂಟ್ ಪಾಸ್, ಡಿಪೆಂಡೆಂಟ್ಸ್ ಪಾಸ್ ಇರುವವರಿಗೆ ಅನ್ವಯಿಸುವುದಿಲ್ಲ. ಪೌರರು ಮತ್ತು ಪಿಆರ್‌ಗಳಿಗೆ ಸಿಗುವ ವಿನಾಯಿತಿ ಪಾಸ್‌ನಲ್ಲಿರುವ ಕುಟುಂಬಕ್ಕೆ ಇಲ್ಲ. ತಂದ ಸಾಮಾನನ್ನು ಘೋಷಿಸಿ ಶೇ. 9 ಕಟ್ಟಬೇಕು. ಆ ತೆರಿಗೆಯನ್ನು ಸೇರಿಸಿದ ಮೇಲೂ ಅಗ್ಗವಾಗುತ್ತದೆಯೇ ನೋಡಿ. ಜಪಾನಿನಲ್ಲಿ ಮಾತ್ರ ಮಾರುವ ಸ್ವಿಚ್ 2ರ ಅಗ್ಗದ ಮಾದರಿಯಲ್ಲಿ ಜಪಾನಿ ಭಾಷೆ ಮಾತ್ರ ಇರುತ್ತದೆ ಎಂಬುದನ್ನೂ ನೆನಪಿಡಿ.

ಬೆಂಗಳೂರಿನ ತಮ್ಮನ ಮಗನಿಗೂ ಒಂದು ತಗೊಂಡು ಬಾ ಎಂಬ ಬೇಡಿಕೆಯೂ ಬರುತ್ತದೆ. ಭಾರತದಲ್ಲಿ ನಿಂಟೆಂಡೊ ಸ್ವಿಚ್‌ನ ಅಧಿಕೃತ ಮಾರಾಟ ನಡೆದಿಲ್ಲ. ಅಲ್ಲಿ ಸಿಗುವುದು ಹೊರಗಿನಿಂದ ತಂದ ಸಾಮಾನು. ಕೆಟ್ಟರೆ ವಾರಂಟಿಗೆ ಮತ್ತೆ ನಿಮ್ಮ ಸೂಟ್‌ಕೇಸೇ ಗತಿ. ಪ್ರೀತಿಗೆ ಕೊಡುವುದಾದರೆ ಕೊಡಿ, ಈ ಮಾತನ್ನು ಮೊದಲೇ ಹೇಳಿ ಕೊಡಿ.

ಫೋನ್‌ನಲ್ಲೇ ಆಡಿಸುವುದಾದರೆ

ಎಲ್ಲ ಮನೆಗೂ ಕನ್ಸೋಲ್ ಬೇಕಿಲ್ಲ. ದಿನಕ್ಕೆ ಅರ್ಧ ಗಂಟೆ ಎಂಆರ್‌ಟಿಯಲ್ಲಿ ಚೆಸ್ ಅಥವಾ ಪದಬಂಧ ಆಡುವವರಿಗೆ ಕೈಯಲ್ಲಿರುವ ಫೋನೇ ಸಾಕು. ಮಕ್ಕಳಿಗೂ ಫೋನೋ ಟ್ಯಾಬ್ಲೆಟ್ಟೋ ಸಾಕು, ಬೆಲೆಗೆ ಮಿತಿ ಹಾಕಿದರೆ. ಅದಕ್ಕೆ ನಾಲ್ಕು ದಾರಿ.

ಮೊದಲನೆಯದು, ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಆಟಗಳನ್ನೇ ಆರಿಸಿ. ಫೋನ್‌ನಲ್ಲೂ ಐದು ಹತ್ತು ಡಾಲರ್‌ಗೆ ಪೂರ್ತಿ ಆಟ ಸಿಗುತ್ತವೆ. ‘ಪುಕ್ಕಟೆ’ ಎಂಬ ಪದ ಕಂಡಲ್ಲಿ ನಿಲ್ಲಿ, ದುಡ್ಡು ಹೇಗೆ ಬರುತ್ತದೆ ಎಂದು ಕೇಳಿ.

ಎರಡನೆಯದು, ಚಂದಾ. 2019ರಲ್ಲಿ ಶುರುವಾದ ಆ್ಯಪಲ್ ಆರ್ಕೇಡ್‌ನಲ್ಲಿ ಒಂದು ತಿಂಗಳ ಚಂದಾಗೆ ಕುಟುಂಬದ ಆರು ಜನ ಆಡಬಹುದು. ಜಾಹೀರಾತಿಲ್ಲ, ಒಳಗೆ ಖರೀದಿ ಇಲ್ಲ. ನೆಟ್‌ಫ್ಲಿಕ್ಸ್ ಚಂದಾ ಆಗಲೇ ಇದ್ದರೆ ಅದರಲ್ಲೂ ಇಂಥ ಆಟಗಳಿವೆ.

ಮೂರನೆಯದು, ಒಪ್ಪಿಗೆ. ಮಗುವಿಗೆ ನಿಮ್ಮ ಖಾತೆ ಕೊಡಬೇಡಿ, ಮಕ್ಕಳ ಖಾತೆ ಮಾಡಿ ಕುಟುಂಬದ ಗುಂಪಿಗೆ ಸೇರಿಸಿ. ಐಫೋನ್‌ನಲ್ಲಿಯೂ ಆಂಡ್ರಾಯ್ಡ್‌ನಲ್ಲಿಯೂ ಪ್ರತಿ ಖರೀದಿಗೆ ಪೋಷಕರ ಫೋನ್‌ಗೆ ಒಪ್ಪಿಗೆ ಕೇಳುವ ವ್ಯವಸ್ಥೆ ಇದೆ. ಫೋನ್ ಬಿಲ್‌ಗೆ ಸೇರಿಸಿ ಕೊಳ್ಳುವ ಸೌಲಭ್ಯವನ್ನು ಬಂದ್ ಮಾಡಿಸಿ. ಕಾರ್ಡ್ ಇಲ್ಲದಿದ್ದರೂ ದುಡ್ಡು ಹೋಗುವ ಹಿಂಬಾಗಿಲು ಅದು.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಗಿಫ್ಟ್ ಕಾರ್ಡ್. ಕ್ರೆಡಿಟ್ ಕಾರ್ಡ್ ಜೋಡಿಸುವ ಬದಲು ಮೂರು ತಿಂಗಳಿಗೊಮ್ಮೆ ಒಂದು ಮೊತ್ತದ ಗಿಫ್ಟ್ ಕಾರ್ಡ್ ಹಾಕಿಕೊಡಿ. ಖರ್ಚಾದರೆ ಮುಗಿಯಿತು, ಮುಂದಿನ ತ್ರೈಮಾಸಿಕದವರೆಗೆ ಇಲ್ಲ. ಚೀಟಿಗೆ ಸುರಿದು ಏನೂ ಸಿಗದ ನಿರಾಶೆಯನ್ನು ಮಗು ಇಪ್ಪತ್ತು ಡಾಲರ್‌ನಲ್ಲಿ ಅನುಭವಿಸಲಿ. ಮುಂದೆ ದೊಡ್ಡವರಾಗಿ ಯಾವುದೋ ಕ್ರಿಪ್ಟೋ ನಾಣ್ಯದಲ್ಲಿ ಕಲಿಯುವುದಕ್ಕಿಂತ ಇದು ಅಗ್ಗದ ಶಿಕ್ಷಣ.

ಹಾಗಾದರೆ ಷೇರು ಕೊಳ್ಳೋಣವೇ?

ಮನೆಗೆ ನಷ್ಟವಾಗುವುದು ಕಂಪನಿಗೆ ಲಾಭ ತಾನೇ, ಹಾಗಾದರೆ ಮೊಬೈಲ್ ಗೇಮ್ ಕಂಪನಿಯ ಷೇರು ಕೊಳ್ಳಬಹುದಲ್ಲ? ಹಣಕಾಸಿನ ಬರಹ ಓದುವವರಿಗೆ ಈ ಯೋಚನೆ ಬಂದೇ ಬರುತ್ತದೆ. ಉತ್ತರಕ್ಕೆ ದೂರ ಹೋಗಬೇಕಿಲ್ಲ, ಸಿಂಗಪುರದಲ್ಲೇ ಸೀ ಲಿಮಿಟೆಡ್ ಇದೆ.

2009ರಲ್ಲಿ ಫಾರೆಸ್ಟ್ ಲೀ ‘ಗರೀನಾ’ ಎಂಬ ಹೆಸರಿನಲ್ಲಿ ಶುರುಮಾಡಿದ ಈ ಕಂಪನಿ 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂದಾಗ ಷೇರಿನ ಬೆಲೆ 15 ಅಮೆರಿಕನ್ ಡಾಲರ್. ಅದರ ಪುಕ್ಕಟೆ ಫೋನ್ ಆಟ ‘ಫ್ರೀ ಫೈರ್’ ಆಗ್ನೇಯ ಏಷ್ಯಾ, ಲ್ಯಾಟಿನ್ ಅಮೆರಿಕ, ಭಾರತ ಎಲ್ಲ ಕಡೆ ಹಬ್ಬಿತು. ಅದರ ದುಡ್ಡೇ ಶಾಪಿ ಎಂಬ ಆನ್‌ಲೈನ್ ಅಂಗಡಿಯ ನಷ್ಟವನ್ನು ತುಂಬಿತು. 2021ರ ಅಕ್ಟೋಬರ್‌ನಲ್ಲಿ ಷೇರು 360 ಡಾಲರ್ ದಾಟಿತು. 2022ರ ಫೆಬ್ರವರಿ 14ರಂದು ಭಾರತ ಸರ್ಕಾರ ನಿಷೇಧಿಸಿದ ಆ್ಯಪ್‌ಗಳ ಪಟ್ಟಿಯಲ್ಲಿ ಫ್ರೀ ಫೈರ್ ಕಾಣಿಸಿಕೊಂಡಿತು. ಷೇರು ಒಂದೇ ದಿನ ಶೇ. 18ಕ್ಕೂ ಹೆಚ್ಚು ಕುಸಿದು, ಸುಮಾರು 1,600 ಕೋಟಿ ಅಮೆರಿಕನ್ ಡಾಲರ್ ಮಾರುಕಟ್ಟೆ ಮೌಲ್ಯ ಕರಗಿತು. ಅದೇ ವರ್ಷದ ನವೆಂಬರ್‌ಗೆ ಷೇರು 50 ಡಾಲರ್‌ಗಿಂತ ಕೆಳಗಿತ್ತು. ಆಮೇಲೆ ಚೇತರಿಸಿಕೊಂಡಿತು, ಅದರಲ್ಲಿ ಶಾಪಿಯ ಪಾಲು ದೊಡ್ಡದು.

ಕನ್ಸೋಲ್ ಕಡೆಯೂ ಏರಿಳಿತ ಕಡಿಮೆಯಿಲ್ಲ. ನಿಂಟೆಂಡೊ 2021ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ 2.88 ಕೋಟಿ ಸ್ವಿಚ್ ಮಾರಿತ್ತು. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ 1.08 ಕೋಟಿ. ಯಂತ್ರ ಹಳೆಯದಾದಂತೆ ಮಾರಾಟ ಇಳಿಯುತ್ತದೆ, ಹೊಸದು ಬಂದಾಗ ಮತ್ತೆ ಏರುತ್ತದೆ. ಇನ್ನು 2016ರ ಪೋಕೆಮಾನ್ ಗೋ ಹುಚ್ಚು ನೆನಪಿದೆಯೇ? ಇಲ್ಲಿ ಆಗಸ್ಟ್ 6ರಂದು ಆಟ ಬಂದ ಮೇಲೆ ಹೌಗಾಂಗ್‌ನ ಬ್ಲಾಕ್ 401ರ ಸುತ್ತ ರಾತ್ರಿಯೆಲ್ಲ ಜನಜಂಗುಳಿ. ಅದಕ್ಕೂ ಮೊದಲೇ ಷೇರುಪೇಟೆಯಲ್ಲಿ ಜಾತ್ರೆ ಮುಗಿದಿತ್ತು. ಜುಲೈನಲ್ಲಿ ನಿಂಟೆಂಡೊ ಷೇರು ಎರಡು ಪಟ್ಟಾಗಿತ್ತು. ‘ಈ ಆಟದಿಂದ ನಮ್ಮ ಲಾಭಕ್ಕೆ ಆಗುವ ಪರಿಣಾಮ ಸೀಮಿತ’ ಎಂಬ ಅರ್ಥದ ಹೇಳಿಕೆಯನ್ನು ಕಂಪನಿ ಕೊಟ್ಟ ಮೇಲೆ, ಜುಲೈ 25ರಂದು ಒಂದೇ ದಿನ ಸುಮಾರು ಶೇ. 18 ಇಳಿಯಿತು. ಆಟ ಮಾಡಿದ್ದು ನಿಯಾಂಟಿಕ್ ಎಂಬ ಬೇರೆ ಕಂಪನಿ. ಮಕ್ಕಳು ಏನು ಆಡುತ್ತಾರೆ ಎಂಬುದನ್ನು ನೋಡಿ ಷೇರು ಕೊಳ್ಳುವ ಮೊದಲು ದುಡ್ಡು ಯಾರ ಜೇಬಿಗೆ ಹೋಗುತ್ತದೆ ಎಂದು ನೋಡಬೇಕು. ಇದು ಯಾವುದೇ ಷೇರಿನ ಶಿಫಾರಸಲ್ಲ.

ಸಮಯದ ಖಾತೆ

ದುಡ್ಡಿನ ಲೆಕ್ಕ ಮುಗಿದರೂ ಸಮಯದ ಲೆಕ್ಕ ಉಳಿಯುತ್ತದೆ. 7ರಿಂದ 12 ವರ್ಷದ ಮಕ್ಕಳಿಗೆ, ಶಾಲೆಯ ಕೆಲಸ ಬಿಟ್ಟು, ದಿನಕ್ಕೆ ಎರಡು ಗಂಟೆಗಿಂತ ಕಡಿಮೆ ಪರದೆ ಸಾಕು ಎಂದು ಸಿಂಗಪುರದ ಆರೋಗ್ಯ ಸಚಿವಾಲಯ 2025ರ ಜನವರಿಯಲ್ಲಿ ಮಾರ್ಗಸೂಚಿ ಕೊಟ್ಟಿದೆ. ಈ ವಿಷಯದಲ್ಲಿ ಕನ್ಸೋಲ್‌ಗೆ ಒಂದು ಸಣ್ಣ ಅನುಕೂಲ ಇದೆ. ಆಟದ ಯಂತ್ರದಲ್ಲಿ ಆಟ ಮಾತ್ರ. ಟ್ಯೂಷನ್ ಮೆಸೇಜ್ ನೋಡುತ್ತಿದ್ದೇನೆ ಎಂಬ ನೆಪ ನಡೆಯುವುದಿಲ್ಲ. ಪೋಷಕರ ಆ್ಯಪ್‌ನಲ್ಲಿ ದಿನದ ಸಮಯ ನಿಗದಿ ಮಾಡಬಹುದು, ಆಟ ಮುಗಿದ ಮೇಲೆ ಬೀರುವಿನಲ್ಲಿಟ್ಟು ಬೀಗವನ್ನೂ ಹಾಕಬಹುದು. ಪುಕ್ಕಟೆ ಫೋನ್ ಆಟಕ್ಕೆ ಕೊನೆ ಎಂಬುದೇ ಇರುವುದಿಲ್ಲ. ದಿನವೂ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ, ಮಧ್ಯರಾತ್ರಿ ನೋಟಿಫಿಕೇಶನ್. ಕಾರ್ಟ್ರಿಡ್ಜ್ ಮಾರುವವನಿಗೆ ದುಡ್ಡು ಮೊದಲೇ ಬಂದಿರುತ್ತದೆ, ನಿಮ್ಮ ಮಗು ನಾಳೆ ಆಡದಿದ್ದರೂ ಅವನಿಗೆ ಹೆಚ್ಚು ನಷ್ಟವಿಲ್ಲ. ಪುಕ್ಕಟೆ ಆಟದವನಿಗೆ ಅದು ನಾಳೆಯೂ ಬರಲೇಬೇಕು.

ಹಾಗಾಗಿ ಈ ರಜೆಯಲ್ಲಿ ತೀರ್ಮಾನ ಮಾಡುವ ಮೊದಲು ಒಂದು ಕೆಲಸ ಮಾಡಿ. ಫೋನ್‌ನ ಆ್ಯಪ್ ಸ್ಟೋರ್‌ನಲ್ಲಿ ಖರೀದಿ ಇತಿಹಾಸ ಎಂಬ ಪುಟ ಇರುತ್ತದೆ. ಕಳೆದ ಹನ್ನೆರಡು ತಿಂಗಳ ಆಟದ ಸಾಲುಗಳನ್ನು ಕೂಡಿ, ಹನ್ನೆರಡರಿಂದ ಭಾಗಿಸಿ. ಹದಿನೈದು ನಿಮಿಷದ ಕೆಲಸ. ಬಂದ ಸಂಖ್ಯೆ ಹದಿನಾರಕ್ಕಿಂತ ಕಡಿಮೆ ಇದ್ದರೆ ಗಿಫ್ಟ್ ಕಾರ್ಡ್ ಹಾಕಿ ಫೋನ್‌ನಲ್ಲೇ ಮುಂದುವರಿಯಿರಿ. ಹೆಚ್ಚಿದ್ದರೆ ಮೊದಲು ಕಾರ್ಡ್ ತೆಗೆಯಿರಿ, ಆಮೇಲೆ ಕ್ಯಾರೊಸೆಲ್‌ನಲ್ಲಿ ಒಂದು ಒಳ್ಳೆಯ ಹಳೆಯ ಸ್ವಿಚ್ ಹುಡುಕಿ. ಕೂಡುವ ಕೆಲಸವನ್ನು ಮಗುವಿಗೇ ಕೊಟ್ಟರೆ ಇನ್ನೂ ಒಳ್ಳೆಯದು. ಒಟ್ಟು ಎಷ್ಟಾಯಿತು ಎಂದು ಅವರ ಬಾಯಿಂದಲೇ ಬರಲಿ.